ಫ್ಯಾಮಿಲಿ ಅಡಾಪ್ಷನ್ ಶುರುವಾಗ್ತಿದೆ: ಹಳ್ಳಿ ಮನೆಯಲ್ಲಿ ಏನು ಕೇಳಬೇಕು, ಏನು ಅಳೆಯಬೇಕು?

ಮೊದಲ_ವರ್ಷ

ಎಲ್ಲರಿಗೂ ನಮಸ್ಕಾರ. ಎಂಬಿಬಿಎಸ್ ಮೊದಲ ವರ್ಷ. ಮುಂದಿನ ವಾರದಿಂದ ಕಮ್ಯುನಿಟಿ ಮೆಡಿಸಿನ್ ವಿಭಾಗದವರು ಫ್ಯಾಮಿಲಿ ಅಡಾಪ್ಷನ್‌ಗೆ ಪಾವಗಡ ತಾಲ್ಲೂಕಿನ ಒಂದು ಹಳ್ಳಿಗೆ ಕರೆದುಕೊಂಡು ಹೋಗ್ತಾರೆ. ಒಬ್ಬೊಬ್ಬರಿಗೆ ಐದು ಮನೆ ದತ್ತು, ಮತ್ತೆ ಮತ್ತೆ ಭೇಟಿ ಕೊಟ್ಟು ಆ ಮನೆಯವರ ಆರೋಗ್ಯ ಗಮನಿಸಬೇಕು. ಕೈಗೆ ಲಾಗ್ ಬುಕ್ ಕೊಟ್ಟಿದ್ದಾರೆ: ಮನೆಯ ವಿವರ, ಆದಾಯ, ನೀರು, ಶೌಚಾಲಯ, ತೂಕ, ಎತ್ತರ, ಬಿಪಿ ಎಲ್ಲ ತುಂಬಬೇಕು. ಸದ್ಯ ನಮಗೆ ಗೊತ್ತಿರೋದು ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿಯಷ್ಟೇ.

ನನ್ನ ಪ್ರಶ್ನೆಗಳು ಇವು. ಮೊದಲ ಭೇಟಿಗೆ ಏನು ಒಯ್ಯಬೇಕು, ಮಾತು ಎಲ್ಲಿಂದ ಶುರು ಮಾಡಬೇಕು? ಆ ಭಾಗದಲ್ಲಿ ರಕ್ತಹೀನತೆ ಜಾಸ್ತಿ ಅಂತ ಕ್ಲಾಸಲ್ಲಿ ಹೇಳಿದರು. ಫಿಸಿಯಾಲಜಿ ಪ್ರಾಕ್ಟಿಕಲ್‌ನಲ್ಲಿ ಕಲಿತ ಸಾಹ್ಲಿ ವಿಧಾನದಲ್ಲೇ ಮನೆಯಲ್ಲಿ ಹಿಮೋಗ್ಲೋಬಿನ್ ನೋಡಬಹುದಾ? ಊರಿಗೆ ಬೋರ್‌ವೆಲ್ ನೀರು, ಪಕ್ಕದಲ್ಲೇ ಶುದ್ಧ ನೀರಿನ ಘಟಕವೂ ಇದೆಯಂತೆ. ನೀರಿನ ಬಗ್ಗೆ ಏನು ನೋಡಬೇಕು? ಕೊನೆಯದಾಗಿ, ಲಾಗ್ ಬುಕ್ಕಿನಲ್ಲಿ ಬರೆದದ್ದರಿಂದ ಆ ಮನೆಯವರಿಗೆ ಏನಾದರೂ ಉಪಯೋಗ ಆಗೋ ಹಾಗೆ ಮಾಡೋದು ಹೇಗೆ?

ಪಿಎಸ್‌ಎಂ_ಮೇಡಂ

ಮೊದಲ ದಿನವೇ ಲಾಗ್ ಬುಕ್ ತುಂಬುವ ಅವಸರ ಬೇಡ. ಮೊದಲ ವರ್ಷಕ್ಕೆ 9 ಭೇಟಿ, ಎರಡನೇ ವರ್ಷಕ್ಕೆ 10, ಮೂರನೇ ವರ್ಷದ ಮೊದಲ ಭಾಗಕ್ಕೆ 7. ಒಂದು ಭೇಟಿಗೆ 3 ಗಂಟೆಯಂತೆ ಒಟ್ಟು 78 ಗಂಟೆ ಆಗುತ್ತದೆ. ಮೊದಲ ಭೇಟಿಯಲ್ಲಿ ಮನೆಯಲ್ಲಿ ಯಾರ್ಯಾರು ಇದ್ದಾರೆ ಅನ್ನೋ ಪಟ್ಟಿ, ಮನೆಯ ನಕ್ಷೆ, ಮುಂದಿನ ಸಲ ಎಷ್ಟು ಹೊತ್ತಿಗೆ ಬಂದರೆ ಎಲ್ಲರೂ ಸಿಗುತ್ತಾರೆ ಅನ್ನೋದು, ಇಷ್ಟು ತಿಳಿದರೆ ಸಾಕು.

ಹೊತ್ತಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಾಲೇಜ್ ಬಸ್ ಹಳ್ಳಿ ಮುಟ್ಟುವುದು ಹತ್ತೂವರೆ, ಹನ್ನೊಂದಕ್ಕೆ. ಅಷ್ಟರಲ್ಲಿ ಹೆಂಗಸರು ಕೂಲಿಗೋ ಹೊಲಕ್ಕೋ ಹೋಗಿರುತ್ತಾರೆ, ಮಕ್ಕಳು ಶಾಲೆಯಲ್ಲಿರುತ್ತಾರೆ, ಮನೆಯಲ್ಲಿ ಸಿಗೋದು ಅಜ್ಜಿ ಒಬ್ಬರೇ. ಎಲ್ಲರ ವಿವರವನ್ನೂ ಅಜ್ಜಿ ಬಾಯಿಂದ ಬರೆದುಕೊಂಡರೆ ಸೊಸೆಗೆ ಎಷ್ಟು ತಿಂಗಳು, ಕೊನೆಯ ಮುಟ್ಟು ಯಾವಾಗ ಆಯಿತು, ಮಾತ್ರೆ ತಿನ್ನುತ್ತಾಳಾ ಇಲ್ಲವಾ, ಇದೆಲ್ಲ ತಪ್ಪೇ ಆಗುತ್ತದೆ. ಒಳಗಿದ್ದ ಹೆಂಗಸು ಗಂಡಸು ವಿದ್ಯಾರ್ಥಿಯ ಮುಂದೆ ಮಾತಾಡುವುದಿಲ್ಲ. ಆ ಪ್ರಶ್ನೆಗಳನ್ನು ಜೊತೆಯ ವಿದ್ಯಾರ್ಥಿನಿ ಕೇಳಲಿ.

ಆಶಾ ಕಾರ್ಯಕರ್ತೆಯ ಜೊತೆಗೇ ಹೋಗಿ. ಕೂತ ಕೂಡಲೇ ನೀವು ಏನು ಮಾಡಲು ಆಗುವುದಿಲ್ಲ ಅನ್ನೋದನ್ನು ಮೊದಲು ಹೇಳಿ: ದುಡ್ಡು ಕೊಡಿಸಲ್ಲ, ಯಾವ ಯೋಜನೆಗೂ ಹೆಸರು ಬರೆಸಲ್ಲ, ರೇಷನ್ ಕಾರ್ಡಿಗೂ ಇದಕ್ಕೂ ಸಂಬಂಧ ಇಲ್ಲ. ಕೈಯಲ್ಲಿ ಫಾರಂ ಹಿಡಿದು ಬಂದವರನ್ನು ಕಂಡರೆ ಜನ ಬಿಪಿಎಲ್ ಸರ್ವೆ ಅಂದುಕೊಳ್ಳುತ್ತಾರೆ, ಆದಾಯ ಕಡಿಮೆ ಹೇಳುತ್ತಾರೆ. ಆದಾಯದ ಪ್ರಶ್ನೆ ಯಾವಾಗಲೂ ಕೊನೆಗೆ, ಅದೂ ಎರಡನೇ ಅಥವಾ ಮೂರನೇ ಭೇಟಿಯಲ್ಲಿ. "ತಿಂಗಳಿಗೆ ಎಷ್ಟು ಬರುತ್ತೆ" ಅಂದರೆ ರೈತರ ಮನೆಯಲ್ಲಿ ಉತ್ತರ ಸಿಗಲ್ಲ. ಕಳೆದ ಬೆಳೆಗೆ ಕಡಲೆಕಾಯಿ ಎಷ್ಟು ಮೂಟೆ, ಗೊಬ್ಬರ ಬೀಜಕ್ಕೆ ಎಷ್ಟು ಹೋಯಿತು, ಡೇರಿ ಬಟವಾಡೆ ಎಷ್ಟು, ಕೂಲಿ ಎಷ್ಟು ದಿನ ಅಂತ ಬಿಡಿಬಿಡಿಯಾಗಿ ಕೇಳಿ. ವರ್ಷದ ಮೊತ್ತವನ್ನು 12ರಿಂದಲೂ ಮನೆಮಂದಿಯ ಸಂಖ್ಯೆಯಿಂದಲೂ ಭಾಗಿಸಿ. ಹಳ್ಳಿಗೆ ಬಿ.ಜಿ. ಪ್ರಸಾದ್ ವರ್ಗೀಕರಣ (ತಲಾ ತಿಂಗಳ ಆದಾಯ ನೋಡಿ ಮನೆಗಳನ್ನು ವರ್ಗಗಳಾಗಿ ವಿಂಗಡಿಸುವುದು) ಸರಿ. ಆದರೆ ಅದರ ರೂಪಾಯಿ ಮಿತಿಗಳನ್ನು ಆ ತಿಂಗಳ ಬೆಲೆ ಸೂಚ್ಯಂಕಕ್ಕೆ ಹೊಂದಿಸಿಕೊಂಡೇ ಬಳಸಬೇಕು. ಸೀನಿಯರ್‌ಗಳ ಹಳೇ ಲಾಗ್ ಬುಕ್ಕಿನ ಮಿತಿ ನಕಲು ಮಾಡಿದರೆ ಬಡವರೆಲ್ಲ ಒಂದು ಮೆಟ್ಟಿಲು ಮೇಲಕ್ಕೆ ಹೋಗಿಬಿಡುತ್ತಾರೆ.

ಒಯ್ಯಬೇಕಾದ್ದು: ಡಿಜಿಟಲ್ ತೂಕದ ಯಂತ್ರ, ಹಿಗ್ಗದ ಅಳತೆ ಟೇಪು, ಮಕ್ಕಳ ತೋಳಿನ ಸುತ್ತಳತೆಯ ಪಟ್ಟಿ (ಅಂಗನವಾಡಿಯಲ್ಲಿ ಕೇಳಿದರೆ ಕೊಡುತ್ತಾರೆ), ದೊಡ್ಡದೊಂದು ಚಿಕ್ಕದೊಂದು ಕಫ್ ಇರುವ ಬಿಪಿ ಉಪಕರಣ, ಟಾರ್ಚು. ಇದರ ಜೊತೆಗೆ ಒಂದು ಪ್ಲೈವುಡ್ ಹಲಗೆ. ಮಣ್ಣಿನ ನೆಲ, ಸಗಣಿ ಸಾರಿಸಿದ ನೆಲದ ಮೇಲೆ ಯಂತ್ರ ಇಟ್ಟರೆ ಒಂದು ಕಾಲು ತಗ್ಗಿಗೆ ಇಳಿದು ಅದೇ ವ್ಯಕ್ತಿಯ ತೂಕ ಪ್ರತಿ ಸಲ ಬೇರೆ ತೋರಿಸುತ್ತದೆ. ಹಲಗೆ ಹಾಕಿ, ಅಂಗಡಿಯ 5 ಕೆ.ಜಿ. ಕಲ್ಲು ಇಟ್ಟು ಯಂತ್ರ ಸರಿಯಿದೆಯಾ ನೋಡಿ, ಆಮೇಲೆ ಜನರನ್ನು ಹತ್ತಿಸಿ.

ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಉದ್ದ ಅಳೆಯಬೇಕು, ಮೇಲಿನವರನ್ನು ನಿಲ್ಲಿಸಿ. ಒಂದೇ ಮಗುವನ್ನು ಎರಡೂ ರೀತಿ ಅಳೆದರೆ ಸುಮಾರು 0.7 ಸೆಂ.ಮೀ. ವ್ಯತ್ಯಾಸ ಬರುತ್ತದೆ. ತೋಳಿನ ಪಟ್ಟಿಯನ್ನು ಎಡತೋಳಿನ ಭುಜದ ಮೂಳೆ ಮತ್ತು ಮೊಣಕೈ ಮೂಳೆಯ ನಡುಮಧ್ಯಕ್ಕೆ, ಕೈ ಸಡಿಲವಾಗಿ ಇಳಿಬಿಟ್ಟಾಗ ಹಾಕಬೇಕು. ಚರ್ಮ ಒತ್ತಿ ಹಳ್ಳ ಬೀಳಬಾರದು. 6ರಿಂದ 59 ತಿಂಗಳ ಮಗುವಿಗೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ, ಅದೇ ದಿನ ಅಂಗನವಾಡಿ ಕಾರ್ಯಕರ್ತೆಗೂ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ವೈದ್ಯರಿಗೂ ತಿಳಿಸಿ. 11.5ರಿಂದ 12.5 ಇದ್ದರೆ ಮಧ್ಯಮ. ಮಗುವಿನ ವಯಸ್ಸನ್ನು ತಾಯಿ ಕಾರ್ಡ್ ಅಥವಾ ಜನನ ಪ್ರಮಾಣಪತ್ರ ನೋಡಿ ತಿಂಗಳಲ್ಲಿ ಬರೆಯಿರಿ. ದೊಡ್ಡವರ ಆಧಾರ್‌ನಲ್ಲಿ ಜನವರಿ 1 ಅಂತ ಇದ್ದರೆ ಅದು ಅಂದಾಜಿಗೆ ಹಾಕಿದ ತಾರೀಖು ಇರಬಹುದು, ನಂಬಿ ಕೂರಬೇಡಿ.

ಬಿಪಿಗೆ ಐದು ನಿಮಿಷ ಸುಮ್ಮನೆ ಕೂರಿಸಿ. ಬೆನ್ನಿಗೆ ಆಸರೆ ಇರಲಿ, ಪಾದ ನೆಲ ಮುಟ್ಟಲಿ, ತೋಳು ಎದೆಯ ಮಟ್ಟದಲ್ಲಿರಲಿ. ಅರ್ಧ ಗಂಟೆಯೊಳಗೆ ಕಾಫಿ, ಬೀಡಿ ಆಗಿರಬಾರದು. ಬಿಗಿಯಾದ ರವಿಕೆ ತೋಳನ್ನು ಮೇಲೆ ಸುರುಳಿ ಸುತ್ತಿ ಅಳೆಯುವುದು ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಅಲ್ಲೇ ಒಂದು ಕಟ್ಟು ಬಿದ್ದಂತಾಗುತ್ತದೆ. ಒಂದೆರಡು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡನ್ನೂ ಬರೆಯಿರಿ. ಬಸುರಿಗೆ 140/90 ಅಥವಾ ಮೇಲೆ ಇದ್ದು ತಲೆನೋವು, ಕಣ್ಣು ಮಂಜು, ಮುಖ ಕೈ ಊತ ಇದ್ದರೆ ಲಾಗ್ ಬುಕ್ ಮುಚ್ಚಿ, ಜೊತೆಗಿರುವ ಫ್ಯಾಕಲ್ಟಿಗೆ ಹೇಳಿ, 108ಕ್ಕೆ ಫೋನ್ ಮಾಡಿ.

ಲ್ಯಾಬ್_ಮೇಜು

ಹಿಮೋಗ್ಲೋಬಿನ್ ಪ್ರಶ್ನೆಗೆ ಉತ್ತರ. ಸಾಹ್ಲಿ ನಿಮ್ಮ ಪರೀಕ್ಷೆಗೆ ಬೇಕು, ಮನೆಯ ಜಗಲಿಗೆ ಬೇಡ. ಅದರಲ್ಲಿ 20 ಮೈಕ್ರೋಲೀಟರ್ ರಕ್ತ ಪಿಪೆಟ್‌ನಲ್ಲಿ ಸರಿಯಾಗಿ ಬರಬೇಕು, ಆಮ್ಲದಲ್ಲಿ ಬೆರೆಸಿ ಹತ್ತು ನಿಮಿಷ ಕಾಯಬೇಕು, ಆಮೇಲೆ ಹನಿಹನಿಯಾಗಿ ಡಿಸ್ಟಿಲ್ಡ್ ವಾಟರ್ ಹಾಕುತ್ತಾ ಬಣ್ಣ ಹೊಂದಿಸಬೇಕು. ಕತ್ತಲೆ ನಡುಮನೆಯಲ್ಲಿ ಒಂದು ಬಣ್ಣ ಕಾಣುತ್ತದೆ, ಅಂಗಳದ ಬಿಸಿಲಿನಲ್ಲಿ ಇನ್ನೊಂದು. ಇಬ್ಬರು ಓದಿದರೆ ಒಂದು ಗ್ರಾಂ ಆಚೀಚೆ ಆಗುವುದು ಸುಲಭ. 10.6 ಅಥವಾ 11.4 ಅನ್ನೋದರ ಮೇಲೆ ಬಸುರಿಯ ಚಿಕಿತ್ಸೆ ತೀರ್ಮಾನ ಆಗುವಾಗ ಆ ಒಂದು ಗ್ರಾಂ ದೊಡ್ಡದು. ಪಿಎಚ್‌ಸಿ ಅಥವಾ ಉಪಕೇಂದ್ರದಲ್ಲಿ ಡಿಜಿಟಲ್ ಹಿಮೋಗ್ಲೋಬಿನೋಮೀಟರ್ ಇರುತ್ತದೆ. ನಿಮ್ಮ ವಿಭಾಗದವರು ಕ್ಯಾಂಪ್ ಇಟ್ಟ ದಿನ, ಹಿರಿಯರೊಬ್ಬರು ಪಕ್ಕದಲ್ಲಿದ್ದಾಗ ಮಾತ್ರ ಚುಚ್ಚಿ.

ಚುಚ್ಚುವುದು ಹೀಗೆ. ಎಡಗೈ ಉಂಗುರದ ಬೆರಳು ಅಥವಾ ಮಧ್ಯದ ಬೆರಳು, ತುದಿಯ ನಡುವೆ ಅಲ್ಲ, ಪಕ್ಕಕ್ಕೆ. ಕೂಲಿ ಮಾಡುವವರ ಬೆರಳ ಚರ್ಮ ದಪ್ಪ, ಕೈ ತಣ್ಣಗಿದ್ದರೆ ರಕ್ತ ಬರಲ್ಲ. ಮೊದಲು ಬೆಚ್ಚಗಿನ ನೀರಿನಲ್ಲಿ ತೊಳೆಸಿ ಒರೆಸಿ. ಸ್ಪಿರಿಟ್ ಹಚ್ಚಿದ ಮೇಲೆ ಪೂರ್ತಿ ಆರಬೇಕು, ಇಲ್ಲದಿದ್ದರೆ ಅದು ರಕ್ತಕ್ಕೆ ಬೆರೆತು ಅಂಕಿ ಕೆಡುತ್ತದೆ. ಮೊದಲ ಹನಿಯನ್ನು ಒಣ ಹತ್ತಿಯಲ್ಲಿ ಒರೆಸಿಬಿಡಿ. ಬೆರಳನ್ನು ಹಿಂಡಬೇಡಿ, ಹಿಂಡಿದರೆ ಒಳಗಿನ ದ್ರವ ಸೇರಿ ರಕ್ತ ತೆಳುವಾಗುತ್ತದೆ, ಆರೋಗ್ಯವಾಗಿರುವವರಿಗೂ ರಕ್ತ ಕಡಿಮೆ ಅಂತ ತೋರಿಸುತ್ತದೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವಾಂಶಕ್ಕೆ ಸ್ಟ್ರಿಪ್ ಹಾಳು. ಒಂದು ಲ್ಯಾನ್ಸೆಟ್ ಒಬ್ಬರಿಗೇ, ಬಳಸಿದ್ದು ತೂತು ಬೀಳದ ಡಬ್ಬಿಗೆ. ಮನೆಯ ಕಸದ ಬುಟ್ಟಿಯಲ್ಲಾಗಲಿ ನಿಮ್ಮ ಏಪ್ರನ್ ಜೇಬಿನಲ್ಲಾಗಲಿ ಇಡಬಾರದು.

ಅಂಕಿ ನೋಡುವ ಮಿತಿ (ಡೆಸಿಲೀಟರಿಗೆ ಗ್ರಾಂ): ಬಸುರಿಗೂ 6–59 ತಿಂಗಳ ಮಗುವಿಗೂ 11, 5–11 ವರ್ಷಕ್ಕೆ 11.5, 12–14 ವರ್ಷಕ್ಕೂ ಬಸುರಿಯಲ್ಲದ ಹೆಂಗಸರಿಗೂ 12, ಗಂಡಸರಿಗೆ 13. ಇದಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಬಸುರಿಗೆ 7ಕ್ಕಿಂತ ಕಡಿಮೆ ಬಂದರೆ ತೀವ್ರ, ಅವತ್ತೇ ಆಸ್ಪತ್ರೆಗೆ ಕಳಿಸುವ ವಿಷಯ. ರೆಪ್ಪೆ ಕೆಳಗೆಳೆದು ಬಿಳಿಚಿದೆಯಾ ನೋಡುವುದನ್ನು ಕಲಿಯಿರಿ, ಆದರೆ ಸಣ್ಣ ಪ್ರಮಾಣದ ರಕ್ತಹೀನತೆ ಅದರಲ್ಲಿ ಸಿಗುವುದಿಲ್ಲ.

ಮೊದಲ_ವರ್ಷ

ತುಂಬಾ ಧನ್ಯವಾದ ಮೇಡಂ, ಸರ್. ಇನ್ನೊಂದು ಕೇಳ್ತೀನಿ. ಕಬ್ಬಿಣದ ಮಾತ್ರೆ ಎಲ್ಲ ಮನೆಗೂ ಕೊಟ್ಟಿದ್ದಾರೆ, ಆದರೂ ರಕ್ತ ಏರಲ್ಲ ಅಂತ ಆಶಾ ಅಕ್ಕ ಹೇಳಿದರು. ಅಲ್ಲಿ ನಾವು ಏನು ಮಾಡಬಹುದು? ಮಾತ್ರೆ ತಗೊಳ್ಳಿ ಅಂತ ನಾವು ಹೇಳೋದು ತಪ್ಪಾಗುತ್ತಾ?

ಪಿಎಚ್‌ಸಿ_ಡಾಕ್ಟರು

ಮಾತ್ರೆ ಬರೆದುಕೊಡುವುದು ನಿಮ್ಮ ಕೆಲಸ ಅಲ್ಲ. ಕೊಟ್ಟ ಮಾತ್ರೆ ಹೊಟ್ಟೆಗೆ ಹೋಗಿದೆಯಾ ಅಂತ ನೋಡುವುದು ಖಂಡಿತ ನಿಮ್ಮಿಂದ ಆಗುತ್ತದೆ, ಅದು ನಮಗೆ ದೊಡ್ಡ ಸಹಾಯ. ಕರ್ನಾಟಕದಲ್ಲಿ 15–49 ವಯಸ್ಸಿನ ಹೆಂಗಸರಲ್ಲಿ 47.8%, 6–59 ತಿಂಗಳ ಮಕ್ಕಳಲ್ಲಿ 65.5% ರಕ್ತಹೀನತೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಮಾತ್ರೆ ಹಂಚುವುದರಲ್ಲೇ ಕೆಲಸ ಮುಗಿಯುವುದಿಲ್ಲ ಅಂತ ಈ ಅಂಕಿಗಳೇ ತೋರಿಸುತ್ತವೆ.

"ಮಾತ್ರೆ ತಿಂತಿದೀರಾ?" ಅಂತ ಕೇಳಿದರೆ ಎಲ್ಲರೂ ಹೂಂ ಅಂತಾರೆ. ಅದರ ಬದಲು "ಮಾತ್ರೆ ಹಾಳೆ ತೋರಿಸಿ ಅಕ್ಕಾ" ಅನ್ನಿ. ಒಂದನೇ ತಾರೀಖು 30 ಕೊಟ್ಟಿದ್ದರೆ, ದಿನಕ್ಕೆ ಒಂದರಂತೆ ರಾತ್ರಿ ತಿನ್ನುವವರ ಹತ್ತಿರ 19ರ ಬೆಳಿಗ್ಗೆ 12 ಉಳಿದಿರಬೇಕು. 26 ಇದ್ದರೆ ನಾಲ್ಕು ದಿನ ತಿಂದು ಬಿಟ್ಟಿದ್ದಾರೆ. ಯಾಕೆ ಅಂತ ನಿಧಾನವಾಗಿ ಕೇಳಿ. ವಾಕರಿಕೆ ಬರುತ್ತೆ, ಮಲ ಕಪ್ಪಗೆ ಹೋಗುತ್ತೆ, ಮಗು ಕಪ್ಪಾಗಿ ಹುಟ್ಟುತ್ತೆ ಅಂದರು, ಮಗು ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತೆ ಅಂತ ಅತ್ತೆ ಹೇಳಿದರು: ಸಾಮಾನ್ಯವಾಗಿ ಕಾರಣ ಈ ನಾಲ್ಕರಲ್ಲಿ ಒಂದಾಗಿರುತ್ತದೆ. ಮಲ ಕಪ್ಪಾಗುವುದು ಹೀರಿಕೊಳ್ಳದೆ ಉಳಿದ ಕಬ್ಬಿಣದಿಂದ, ಅದಕ್ಕೆ ಭಯ ಬೇಡ. ವಾಕರಿಕೆ ಇದ್ದರೆ ರಾತ್ರಿ ಊಟವಾದ ಮೇಲೆ ತಿಂದು ಮಲಗಲಿ. ಮಗುವಿನ ಬಣ್ಣದ ಮಾತು ಬಂದರೆ ಸೊಸೆಯ ಜೊತೆ ಅತ್ತೆಯನ್ನೂ ಕೂರಿಸಿಕೊಂಡು ಮಾತಾಡಿ. ಮಾತ್ರೆ ನಿಂತಿರುವುದು ಅವರ ಮಾತಿಗೆ, ಮತ್ತೆ ಶುರುವಾಗಬೇಕಾದ್ದೂ ಅವರ ಮಾತಿನಿಂದಲೇ.

ಇನ್ನೊಂದು, ತಿಂದರೂ ಏರದಿರುವುದಕ್ಕೆ ಕಾರಣ ಮಾತ್ರೆಯ ಜೊತೆ ಏನು ಸೇರುತ್ತದೆ ಅನ್ನೋದು. ಕಾಫಿ, ಟೀ, ಹಾಲಿನ ಜೊತೆ ತಿಂದರೆ ಕಬ್ಬಿಣ ಹಿಡಿಯುವುದು ಕಡಿಮೆ. ಒಂದು ಗಂಟೆಯಾದರೂ ಅಂತರ ಇರಲಿ. ಬಸುರಿಗೆ ಕ್ಯಾಲ್ಸಿಯಂ ಮಾತ್ರೆಯನ್ನೂ ಕೊಟ್ಟಿರುತ್ತೇವೆ, ಎರಡನ್ನೂ ಒಟ್ಟಿಗೆ ನುಂಗುವವರು ಬಹಳ. ಕ್ಯಾಲ್ಸಿಯಂ ಬೆಳಿಗ್ಗೆ, ಮಧ್ಯಾಹ್ನ ಊಟದ ಜೊತೆ, ಕಬ್ಬಿಣ ರಾತ್ರಿ ಅಂತ ಹೇಳಿಕೊಡಿ. ನಡುವೆ ಎರಡು ಗಂಟೆ ಬೇಕೇ ಬೇಕು. ಸೊಪ್ಪಿನ ಸಾರಿಗೆ, ಹುರುಳಿಕಾಳಿಗೆ ನಿಂಬೆಹುಳಿ ಹಿಂಡಿಕೊಂಡರೆ ಆಹಾರದಲ್ಲಿರುವ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ.

ನಿಮಗೆ ತಿಳಿದಿರಲಿ ಅಂತ ಲೆಕ್ಕ ಹೇಳುತ್ತೇನೆ. ದೊಡ್ಡವರ ಒಂದು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ರಕ್ತಹೀನತೆ ಇಲ್ಲದ ಬಸುರಿಗೆ ನಾಲ್ಕನೇ ತಿಂಗಳಿಂದ ದಿನಕ್ಕೊಂದು, 180 ದಿನ. ಹೆರಿಗೆಯಾದ ಮೇಲೆ ಮತ್ತೆ 180 ದಿನ. 7ರಿಂದ 10.9 ಇದ್ದರೆ ದಿನಕ್ಕೆ ಎರಡು. ತಿಂಗಳಲ್ಲಿ 1 ಗ್ರಾಂ ಕೂಡ ಏರದಿದ್ದರೆ ಮೇಲಿನ ಆಸ್ಪತ್ರೆಗೆ ಕಳಿಸುತ್ತೇವೆ, ಯಾಕೆಂದರೆ ಆಗ ಕಾರಣ ಬೇರೆ ಇರಬಹುದು. ಹಾಗೆ ಕಳಿಸುವ ಮೊದಲು ಮಾತ್ರೆ ನಿಜಕ್ಕೂ ತಿಂದಿದ್ದಾರಾ ಅನ್ನೋದು ನಮಗೆ ಗೊತ್ತಿರಬೇಕು. ನೀವು ಎಣಿಸಿ ಬರೆದ ಸಂಖ್ಯೆಯನ್ನು ಆಶಾಗೆ ಕೊಟ್ಟರೆ ಅಲ್ಲಿಗೇ ಉಪಯೋಗ ಶುರುವಾಯಿತು.

ಆರೋಗ್ಯ_ನಿರೀಕ್ಷಕ

ನೀರಿನ ವಿಷಯ ನಾನು ಹೇಳುತ್ತೇನೆ. ಪಾವಗಡ ಕಡೆ ಎರಡು ಪ್ರಶ್ನೆ ಬೇರೆಬೇರೆಯಾಗಿ ಇಟ್ಟುಕೊಳ್ಳಿ: ಫ್ಲೋರೈಡ್ (ನೀರಲ್ಲಿ ಕರಗಿರುವ ಲವಣ, ಹೆಚ್ಚಾದರೆ ಹಲ್ಲು ಮೂಳೆ ಕೆಡುತ್ತದೆ) ಮತ್ತು ರೋಗಾಣು. ಕ್ಲೋರಿನ್ ಹಾಕಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹಾಗೇ ಇರುತ್ತದೆ. ಕುದಿಸಿದರೂ ಅಷ್ಟೇ, ನೀರು ಆವಿಯಾಗಿ ಉಳಿದದ್ದರಲ್ಲಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತದೆ. ಕುದಿಸಿ ಕುಡಿಯಿರಿ ಅಂತ ಮಾತ್ರ ಹೇಳಿ ಬರುವುದು ಆ ಊರಿಗೆ ಅರ್ಧ ಸಲಹೆ.

ಕುಡಿಯುವ ನೀರಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರ ತನಕ. ಘಟಕದಿಂದ ಕ್ಯಾನ್ ನೀರು ತರುತ್ತೇವೆ ಅಂದ ಕೂಡಲೇ ಲಾಗ್ ಬುಕ್ಕಿನಲ್ಲಿ "ಸುರಕ್ಷಿತ ನೀರು" ಅಂತ ಗುರುತು ಹಾಕಬೇಡಿ. ಮುದ್ದೆಗೆ ಎಸರು ಯಾವ ನೀರಲ್ಲಿ ಇಡುತ್ತೀರಿ, ಸಾರಿಗೆ, ಕಾಫಿಗೆ ಯಾವ ನೀರು ಅಂತ ಕೇಳಿ. ಕುಡಿಯುವುದು ಕ್ಯಾನ್ ನೀರಾದರೂ ಅಡುಗೆಗೆ ಸಿಸ್ಟನ್ (ಬೋರ್ ನೀರು ತುಂಬುವ ಬೀದಿ ಟ್ಯಾಂಕ್) ನೀರು ಬಳಸುವ ಮನೆಗಳಿರುತ್ತವೆ. ಅಲ್ಲಿ ಫ್ಲೋರೈಡ್ ಊಟದ ಮೂಲಕ ಹೊಟ್ಟೆ ಸೇರುತ್ತಲೇ ಇರುತ್ತದೆ. ಹೊಲದಲ್ಲಿ, ಶಾಲೆಯಲ್ಲಿ ಯಾವ ನೀರು ಕುಡಿಯುತ್ತಾರೆ ಅನ್ನೋದನ್ನೂ ಬರೆಯಿರಿ.

ಹಲ್ಲು ನೋಡುವಾಗ 8ರಿಂದ 12 ವರ್ಷದ, ಅದೇ ಊರಲ್ಲಿ ಹುಟ್ಟಿ ಬೆಳೆದ ಮಕ್ಕಳನ್ನು ನೋಡಿ. ಹಲ್ಲಿನ ಹೊರಪದರ ರೂಪುಗೊಳ್ಳುವುದು ಎಳೆಯ ವಯಸ್ಸಿನಲ್ಲಿ. ಹಾಗಾಗಿ ಬೇರೆ ಊರಿಂದ ಬಂದ ಸೊಸೆಯ ಹಲ್ಲು ಅವಳ ತವರಿನ ನೀರಿನ ಕಥೆ ಹೇಳುತ್ತದೆ, ಈ ಊರಿನದಲ್ಲ. ಫ್ಲೋರೈಡಿನ ಕಲೆ ಎಡ ಬಲ ಎರಡೂ ಕಡೆಯ ಜೋಡಿ ಹಲ್ಲುಗಳಲ್ಲಿ ಒಂದೇ ತರ, ಅಡ್ಡಗೆರೆಯಾಗಿ, ಸುಣ್ಣದ ಬಿಳಿ ಅಥವಾ ಕಂದು ಬಣ್ಣದಲ್ಲಿ ಇರುತ್ತದೆ, ಕೆರೆದರೆ ಹೋಗಲ್ಲ. ಎಲೆಅಡಿಕೆಯ ಕಲೆ ವಸಡಿನ ಅಂಚಿಗೆ ಕೂತಿರುತ್ತದೆ.

ಇನ್ನು ಕ್ಲೋರಿನ್. ಒಳ್ಳೆಯ ಬ್ಲೀಚಿಂಗ್ ಪೌಡರಿನಲ್ಲಿ ಸುಮಾರು 33% ಕ್ಲೋರಿನ್ ಇರುತ್ತದೆ. ಸಾವಿರ ಲೀಟರಿಗೆ 2.5 ಗ್ರಾಂ ಲೆಕ್ಕ. 50,000 ಲೀಟರ್ ಓವರ್‌ಹೆಡ್ ಟ್ಯಾಂಕಿಗೆ 125 ಗ್ರಾಂ. ಒಂದು ಬಕೆಟ್ಟಿಗೆ 100 ಗ್ರಾಂ ಮೀರಬಾರದು, ಅದಕ್ಕೆ ಎರಡು ಬಕೆಟ್ ಮಾಡಿಕೊಳ್ಳಬೇಕು. ಮೊದಲು ಸ್ವಲ್ಪ ನೀರಲ್ಲಿ ಗಟ್ಟಿಯಾಗಿ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ ಕದಡಿ, 5–10 ನಿಮಿಷ ಬಿಡಬೇಕು. ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿಯಬೇಕು. ತಳದ ಸುಣ್ಣ ಹಾಕಿದರೆ ನೀರು ಗಡಸಾಗುತ್ತದೆ. ಒಂದು ಗಂಟೆ ಬಿಟ್ಟ ಮೇಲೆ ನೀರು ಬಿಡಬೇಕು. ತಪ್ಪುವುದು ಹೆಚ್ಚಾಗಿ ಎರಡು ಕಡೆ. ಮೂಟೆ ಬಾಯಿ ಬಿಚ್ಚಿ ಪಂಪ್‌ಹೌಸ್ ಮೂಲೆಯಲ್ಲಿ ಇಟ್ಟಿರುತ್ತಾರೆ. ಬಿಸಿಲು, ತೇವಕ್ಕೆ ಕ್ಲೋರಿನ್ ಹೋಗಿ ಬರೀ ಸುಣ್ಣ ಉಳಿದಿರುತ್ತದೆ. ಅಥವಾ ಕರೆಂಟ್ ಬಂದಾಗ ಬೋರ್ ಓಡಿಸಿ ನೇರವಾಗಿ ನಲ್ಲಿಗೆ ಬಿಡುತ್ತಾರೆ, ಒಂದು ಗಂಟೆ ಸಿಗುವುದೇ ಇಲ್ಲ. ನೀರುಗಂಟಿಯ ಜೊತೆ ಗೌರವದಿಂದ ಮಾತಾಡಿ, ಎಷ್ಟು ಹಾಕುತ್ತೀರಿ, ಎಷ್ಟು ಹೊತ್ತಿಗೆ ಬಿಡುತ್ತೀರಿ ಅಂತ ಕೇಳಿ. ಊರಿನ ನೀರಿನ ವಿಷಯ ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಕ್ಲೋರಿನ್ ಪರೀಕ್ಷೆಯನ್ನು ಟ್ಯಾಂಕಿನ ಹತ್ತಿರ ಮಾಡಿದರೆ ಪ್ರಯೋಜನ ಇಲ್ಲ, ಪೈಪಿನ ಕೊನೆಯ ನಲ್ಲಿಯಲ್ಲಿ ಮಾಡಿ. ಅಲ್ಲಿ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಇರಬೇಕು. ಆರ್ಥೋಟಾಲಿಡಿನ್ ಹನಿ ಹಾಕಿ ಹತ್ತು ಸೆಕೆಂಡಿನೊಳಗೆ ಹಳದಿ ಬಣ್ಣ ಓದಿಕೊಳ್ಳಿ. ಹೊತ್ತು ಬಿಟ್ಟು ಓದಿದರೆ ಅಂಕಿ ಹೆಚ್ಚು ಬರುತ್ತದೆ. ಫ್ಲೋರೈಡಿಗೆ ಗ್ರಾಮ ಪಂಚಾಯಿತಿಯಲ್ಲಿ ಪರೀಕ್ಷಾ ಕಿಟ್ ಇದೆಯಾ ವಿಚಾರಿಸಿ.

ಪಿಜಿ_ಎರಡನೇ_ವರ್ಷ

ಲಾಗ್ ಬುಕ್ಕಿನ ಬಗ್ಗೆ ಸ್ವಲ್ಪ. ನಿಮ್ಮ ಐದು ಮನೆಯಲ್ಲಿ 22 ಜನ ಇದ್ದು, ಏಳು ಹೆಂಗಸರಲ್ಲಿ ನಾಲ್ವರಿಗೆ ರಕ್ತ ಕಡಿಮೆ ಇದ್ದರೆ "57% ರಕ್ತಹೀನತೆ" ಅಂತ ಬರೆಯಬೇಡಿ, "7ರಲ್ಲಿ 4" ಅಂತಲೇ ಬರೆಯಿರಿ. ಇಡೀ ಬ್ಯಾಚಿನದು ಸೇರಿದ ಮೇಲೆ ಶೇಕಡಾವಾರು ಹಾಕಬಹುದು. ಸೇರಿಸುವಾಗ ಬಿಪಿ ಅಂಕಿಗಳ ಕೊನೆಯ ಅಂಕೆ ನೋಡಿ: ಎಲ್ಲ 120/80, 130/80, 110/70 ಅಂತ ಸೊನ್ನೆಯಲ್ಲೇ ಮುಗಿದಿದ್ದರೆ ಅಳೆಯದೆ ಬರೆದದ್ದು ಅಥವಾ ಹತ್ತಿರದ ಹತ್ತಕ್ಕೆ ಹೊಂದಿಸಿದ್ದು. ಕೈಯಿಂದ ನೋಡುವ ಉಪಕರಣದಲ್ಲಿ 2 ಮಿ.ಮೀ. ಅಂತರದಲ್ಲಿ ಓದಬೇಕು, ಆಗ 126, 134 ಅಂತೆಲ್ಲ ಬರಲೇಬೇಕು.

ಮನೆಗೆ ಸಂಖ್ಯೆ ಕೊಡಿ, ಹೆಸರಿನ ಪಟ್ಟಿ ಬೇರೆ ಹಾಳೆಯಲ್ಲಿ ನಿಮ್ಮ ಹತ್ತಿರ ಇರಲಿ. ತಾಯಿ ಕಾರ್ಡಿನ ಫೋಟೋ ತೆಗೆದು ಕ್ಲಾಸ್ ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ನಿಮ್ಮ ಕೊನೆಯ ಪ್ರಶ್ನೆಗೆ: ಪ್ರತಿ ಮನೆಗೂ ಕನ್ನಡದಲ್ಲಿ ಒಂದು ಚೀಟಿ ಬರೆದು ಮುಂದಿನ ಭೇಟಿಯಲ್ಲಿ ಕೊಡಿ. ಯಾರ ಬಿಪಿ ಎಷ್ಟು, ಯಾರ ರಕ್ತ ಎಷ್ಟು, ಯಾವ ತಾರೀಖು, ಯಾರನ್ನು ಎಲ್ಲಿ ತೋರಿಸಬೇಕು. ಓದಲು ಬರದ ಮನೆಯಲ್ಲಿ ಶಾಲೆಗೆ ಹೋಗುವ ಮಗುವನ್ನು ಕರೆದು ಓದಿಸಿ, ಆದರೆ ಮುಟ್ಟು, ಬಸುರಿನ ವಿಷಯ ಇರುವ ಚೀಟಿಯನ್ನು ಆ ಹೆಣ್ಣುಮಗಳಿಗೆ ನೀವೇ ಓದಿ ಹೇಳಿ. ಅದರದೇ ಇನ್ನೊಂದು ಪ್ರತಿ ಆಶಾ ಹತ್ತಿರ ಇರಬೇಕು. ಲಾಗ್ ಬುಕ್ಕಿನಲ್ಲಿ ಒಂದು ಹೆಚ್ಚಿನ ಕಾಲಂ ನೀವೇ ಗೆರೆ ಎಳೆದುಕೊಳ್ಳಿ: "ಯಾರಿಗೆ ತಿಳಿಸಿದೆ, ಯಾವತ್ತು, ಏನಾಯಿತು." ಮೂರನೇ ಭೇಟಿಗೆ ಹೋಗುವ ಮುಂಚೆ ಅದರಲ್ಲಿ ಖಾಲಿ ಉಳಿದ ಸಾಲುಗಳನ್ನು ಓದಿಕೊಂಡು ಹೋಗಿ, ಮೊದಲು ಆ ಮನೆಗಳಿಗೇ ಹೋಗಿ.

ಆರೋಗ್ಯ_ನಿರೀಕ್ಷಕ

ಒಂದು ಮಾತು ಬಿಟ್ಟುಹೋಯಿತು. ಆರ್ಥೋಟಾಲಿಡಿನ್ ವಿಷಕಾರಿ. ಕೈಗೆ ತಾಗಿಸಿಕೊಳ್ಳಬೇಡಿ, ಪರೀಕ್ಷೆ ಮಾಡಿದ ನೀರನ್ನು ಕೊಡಕ್ಕಾಗಲಿ ದನ ಕುಡಿಯುವ ತೊಟ್ಟಿಗಾಗಲಿ ವಾಪಸ್ ಸುರಿಯಬೇಡಿ. ಮಕ್ಕಳು ಸುತ್ತ ಸೇರಿ ಹಳದಿ ನೀರು ನೋಡಲು ಕೈ ಚಾಚುತ್ತಾರೆ, ಬಾಟಲಿ ಮುಚ್ಚಿ ಚೀಲದೊಳಗೆ ಇಟ್ಟ ಮೇಲೆ ಮಾತು ಮುಂದುವರಿಸಿ.